ಷಡ್ಡಕನ ಸ್ಪೇಸರ್

ತಿರುಗುವುದೆಲ್ಲ ಒಂದಲ್ಲ ಒಂದು ದಿನ ಸವೆಯುತ್ತದೆ. ಇದು ಗ್ರಹಗಳಿಗೂ ರಾಜ್ಯಗಳಿಗೂ ಸಮನಾಗಿ ಅನ್ವಯಿಸುವ ಮಾತು. ಇದನ್ನು ಕುರಿತು ಗಂಭೀರವಾಗಿ ಚಿಂತಿಸುವುದು ವಿಚಾರವಂತರ ಕರ್ತವ್ಯ. ಆದರೆ ಗ್ರಹಗಳ ದುರಸ್ತಿ ನನ್ನ ಅಂಗಡಿಗೆ ಈವರೆಗೆ ಬಂದಿಲ್ಲ. ಬಂದದ್ದು ಕಮಲಾಪುರದ ಒಂದು ವಸತಿ ಶಾಲೆಯ ಹುಲ್ಲು ಕತ್ತರಿಸುವ ಗಾಡಿ. ಅದೂ ನನ್ನ ಷಡ್ಡಕನ ಶಿಫಾರಸಿನ ಮೇಲೆ.

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಕಮಲಾಪುರದಲ್ಲಿದ್ದು ನೀರಿನ ಪಂಪು, ಹಿಟ್ಟಿನ ಗಿರಣಿ, ಔಷಧಿ ಹೊಡೆಯುವ ಯಂತ್ರ ರಿಪೇರಿ ಮಾಡುತ್ತಾನೆ. ಎದುರಿಗೆ ಅವನನ್ನು ನಾನು ಬಹುವಚನದಲ್ಲೇ ಮಾತಾಡಿಸುವುದು. ಇಲ್ಲಿ ಅವನು ಎದುರಿಗಿಲ್ಲ. ನನ್ನದು ಕಲಬುರಗಿಯಲ್ಲಿ, ಕೋಟೆಯ ಕಂದಕಕ್ಕೆ ಬೆನ್ನು ಕೊಟ್ಟು ನಿಂತ ಲೇಥ್ ಅಂಗಡಿ. ಎಂಟಡಿ ಲೇಥ್, ಡ್ರಿಲ್, ಕೈಪ್ರೆಸ್ಸು, ಕೂದಲೆಳೆಯನ್ನೂ ಅಳೆಯುವ ಒಂದು ಜಪಾನಿ ವರ್ನಿಯರ್. ಅವನ ಹತ್ತಿರ ಒಂದು ವೈಸ್, ಒಂದು ಗ್ರೈಂಡರ್, ಒಂದು ಡಬ್ಬಿ ತುಂಬ ಸವೆದ ಅರಗಳು. ಸಾಮಾನಿನ ಲೆಕ್ಕದಲ್ಲಿ ನೋಡಿದರೆ ನಮ್ಮಿಬ್ಬರ ನಡುವೆ ಹೋಲಿಕೆಯೇ ಇಲ್ಲ. ಹಾಗಿದ್ದೂ ನಮ್ಮ ಅತ್ತೆಯವರು ಆ ಹೋಲಿಕೆಯನ್ನು ಇಪ್ಪತ್ತು ವರ್ಷದಿಂದ ಮಾಡುತ್ತಲೇ ಬಂದಿದ್ದಾರೆ.

ಅತ್ತೆಯವರ ಮನೆಯೂ ಕಮಲಾಪುರದಲ್ಲೇ. ಹಬ್ಬಕ್ಕೆ ಹೋದಾಗ ಅಳಿಯಂದಿರಿಬ್ಬರೂ ಪಕ್ಕಪಕ್ಕದಲ್ಲಿ ಊಟಕ್ಕೆ ಕೂಡುತ್ತೇವೆ. ಹಿರಿಯ ಅಳಿಯನೆಂದು ಹೋಳಿಗೆ ಮೊದಲು ನನ್ನ ತಾಟಿಗೆ ಬೀಳುತ್ತದೆ. ಆ ವಿಷಯದಲ್ಲಿ ಅವರಿಂದ ಒಮ್ಮೆಯೂ ಲೋಪವಾಗಿಲ್ಲ. ತುಪ್ಪ ಮಾತ್ರ ನನಗೊಂದು ಚಮಚ, ಅವನಿಗೊಂದು ಚಮಚ, ಆಮೇಲೆ “ಅಯ್ಯ, ಸಣ್ಣ ಅಳಿಯಾರು ಏನೂ ಉಂಡೇ ಇಲ್ಲ” ಎಂದು ಅವನಿಗೆ ಮತ್ತೊಂದು. ಇದನ್ನು ನಾನು ಎಣಿಸಿಲ್ಲ. ಕಣ್ಣಿಗೆ ಬಿದ್ದಿದೆ, ಅಷ್ಟೆ.

ಆ ವರ್ಷ ಮಳೆ ಮುಗಿದ ಮೇಲೆ ಷಡ್ಡಕ ಯಾರದೋ ನೀರಿನ ಟಾಕಿಯ ಏಣಿಯಿಂದ ಜಾರಿ ಬಲಗೈ ಮುರಿದುಕೊಂಡ. ನೋಡಲು ಹೋಗಿ ಬಂದೆವು. ನಾಲ್ಕನೇ ದಿನ ಅವನದೇ ಫೋನು.

“ಅಣ್ಣಾರ, ಶಾಲಿ ಹುಲ್ಲಿನ ಗಾಡಿ ನಿಂತದ. ಬೇರಿಂಗ್ ಹೋಗ್ಯಾವ ಅನಸ್ತದ. ನನ್ನ ಕೈಯಂತೂ ಹಿಂಗ. ಹೆಡ್ ಮಾಸ್ತರಿಗೆ ನಿಮ್ಮ ಹೆಸರು ಹೇಳೀನಿ. ನಮ್ಮ ಅಣ್ಣಾರು ಮಾಡಿದ್ರ ನನಗಿಂತ ಚಲೋ ಮಾಡ್ತಾರ ಅಂದೀನಿ.”

ಒಬ್ಬ ಮನುಷ್ಯನನ್ನು ಬೈದು ಅವಮಾನಿಸಬಹುದು. ಹೊಗಳಿ ಅವಮಾನಿಸಲು ವಿಶೇಷ ಪ್ರತಿಭೆ ಬೇಕು. ಆ ಗಾಡಿಯನ್ನು ಆರು ವರ್ಷದಿಂದ ಅವನು ಒಂದು ವೈಸ್ ಮತ್ತು ಸವೆದ ಅರಗಳಿಂದ ಬದುಕಿಸಿಟ್ಟಿದ್ದ. ಕೈ ಮುರಿದಾಗ ಅದನ್ನು ನನಗೆ ಉಡುಗೊರೆ ಕೊಡುವವನಂತೆ ಕೊಟ್ಟ. ಬೇಡ ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು, “ನಾಳೆ ಬರ್ತೀನಿ.”

ಮಂಗಳವಾರ ಬೆಳಿಗ್ಗೆ ಹುಮನಾಬಾದ್ ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿದೆ. ಶಾಲೆಯ ಮೈದಾನದ ಮೂಲೆಯಲ್ಲಿ, ತಗಡಿನ ಮಾಡಿನ ಕೆಳಗೆ ಗಾಡಿ ನಿಂತಿತ್ತು. ಹಿಂದೆಂದೋ ಯಾರೋ ದಾನ ಕೊಟ್ಟ ವಿಲಾಯತಿ ಗಾಡಿ. ಕುರ್ಚಿಯ ಮೇಲೆ ಕೂತು ಓಡಿಸುವಂಥದ್ದು. ಹೊಟ್ಟೆಯ ಕೆಳಗೆ ಬೋರಲು ಹಾಕಿದ ದೊಡ್ಡ ಬೋಗುಣಿಯಂಥ ತಗಡಿನ ಡೆಕ್ಕು, ಅದರೊಳಗೆ ಮೂರು ಅಲಗು, ಒಂದೊಂದು ಅಲಗಿಗೆ ಅದನ್ನು ತಿರುಗಿಸುವ ಒಂದೊಂದು ಸ್ಪಿಂಡಲ್. ಮೈದಾನದಲ್ಲಿ ಹುಲ್ಲು ಮೊಳಕಾಲಿಗೆ ಬಂದಿತ್ತು.

ಗಾಡಿ ಓಡಿಸುವ ಮಾಲಿ ಅರವತ್ತರ ಹತ್ತಿರದವರು, ತಲೆಗೆ ಬಿಳಿ ರುಮಾಲು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಣ್ಣ ಮಿಸ್ತ್ರಿ ಬರ್ಲಿಲ್ಲೇನ್ರಿ?” ಎಂದರು.

“ಅವರ ಕೈ ಮುರದದ.”

“ಗೊತ್ತದ್ರಿ. ಕೂತು ಹೇಳಿದ್ರೂ ಆಗ್ತಿತ್ತು ಅಂದೆ.”

ಹೆಡ್ ಮಾಸ್ತರು ಬಂದು ವಿಷಯ ಸ್ಪಷ್ಟಪಡಿಸಿದರು. ಮುಂದಿನ ವಾರ ತಾಲ್ಲೂಕಿನ ಮಕ್ಕಳ ಕ್ರೀಡಾಕೂಟ ಅದೇ ಮೈದಾನದಲ್ಲಿ. “ಶುಕ್ರವಾರ ಸಂಜಿತನ ನೋಡ್ತೀನ್ರಿ. ಚಾಲೂ ಆತು, ಚಲೋ. ಆಗ್ಲಿಲ್ಲ, ಶನಿವಾರ ಟ್ರ್ಯಾಕ್ಟರ್ ತರಸಿ ಹುಲ್ಲು ಹೊಡಸ್ತೀನಿ, ಗಾಡಿ ಭಂಗಾರಕ್ಕ ಹಾಕ್ತೀನಿ. ಪ್ರತಿ ವರ್ಷ ಇದರ ಪೂಜಾ ಮಾಡೂದು ಸಾಕಾಗ್ಯದ.”

ಹೀಗೆ ನನ್ನ ಮುಂದಿದ್ದ ಪ್ರಶ್ನೆ ಬೆಳಗಿನ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ಶುಕ್ರವಾರದೊಳಗೆ ಗಾಡಿ ಓಡದಿದ್ದರೆ, ಸಣ್ಣ ಅಳಿಯ ಆರು ವರ್ಷ ಉಳಿಸಿದ್ದನ್ನು ದೊಡ್ಡ ಅಳಿಯ ನಾಲ್ಕು ದಿನದಲ್ಲಿ ಗುಜರಿಗೆ ಕಳಿಸಿದ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಆ ಊರಲ್ಲಿ ಅತ್ತೆಯವರಿದ್ದಾರೆ.

ಕೆಲಸಕ್ಕೆ ಕೈ ಹಾಕಿದೆ. ಸ್ಪಾರ್ಕ್ ಪ್ಲಗ್ಗಿನ ತಂತಿ ತೆಗೆದು ಬದಿಗಿಟ್ಟೆ. ಅಲಗಿನ ಹತ್ತಿರ ಕೈ ಹಾಕುವ ಮುನ್ನ ಇದು ಮೊದಲ ಕೆಲಸ. ಡೆಕ್ಕನ್ನು ಪೂರ್ತಿ ಇಳಿಸಿ, ಬೆಲ್ಟು ಬಿಡಿಸಿ, ಕೊಂಡಿಗಳ ಪಿನ್ನು ಎಳೆದು, ಮಾಲಿಯವರೂ ನಾನೂ ಸೇರಿ ಅದನ್ನು ಪಕ್ಕಕ್ಕೆ ಜಗ್ಗಿದೆವು. ಹಟ ಹಿಡಿದ ಎಮ್ಮೆಕರುವಿನಂತೆ ಬಂತು. ಮಗುಚಿ ಹಾಕಿ ಒಂದೊಂದೇ ಅಲಗಿನ ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿದೆ. ಎಡ ಬಲದವು ಸ್ವಲ್ಪ ಅಲುಗಿದವು. ನಡುವಿನದು ಸಡಿಲ ಹಲ್ಲಿನಂತೆ ಕಟಕಟ ಎಂದಿತು.

“ಗ್ರೀಸ್ ಹಾಕ್ತಿದ್ರೇನು?” ಎಂದೆ.

“ವಾರಕ್ಕೊಮ್ಮೆ ಹೊಟ್ಟಿ ತುಂಬ ಹಾಕ್ತೀನ್ರಿ. ಹೊರಗ ಉಕ್ಕಿ ಬರಬೇಕು, ಅಲ್ಲಿತನ ಬಿಡಾಂಗಿಲ್ಲ.”

“ಬೇರಿಂಗಿಗೆ ಎರಡೂ ಕಡಿ ರಬ್ಬರ್ ಸೀಲ್ ಇರ್ತಾವ. ಒಳಗ ಹೋಗೂದೇ ಇಲ್ಲ ಅದು. ಜೋರ್ಲೆ ಒತ್ತಿದ್ರ ಸೀಲ್ ಕಿತ್ತು ಬರ್ತದ, ಆ ಸಂದಿನಾಗ ನೀರು ಹೋಗ್ತದ.”

ಮಾಲಿಯವರು ಯೋಚಿಸಿ, “ಸಣ್ಣ ಮಿಸ್ತ್ರಿನೂ ಹಂಗೇ ಅಂದಿದ್ರು” ಎಂದರು. “ಖರೇ ಇರಬೇಕು ಹಂಗಾದ್ರ.”

ಅಲಗಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಅಲಗಿಗೂ ಡೆಕ್ಕಿನ ಗೋಡೆಗೂ ನಡುವೆ ಕಟ್ಟಿಗೆಯ ತುಂಡು ಸಿಕ್ಕಿಸಿ, ಬೋಲ್ಟು ತಿರುಗಿಸುವ ಪಾನಕ್ಕೆ ಪೈಪು ತೊಡಿಸಿ, ಇಬ್ಬರೂ ಭಾರ ಹಾಕಿದ ಮೇಲೆ ಒಂದೊಂದಾಗಿ ಸೋತವು. ಸ್ಪಿಂಡಲ್ ಕೂಡುವ ಹೌಸಿಂಗನ್ನು ಡೆಕ್ಕಿಗೆ ಹಿಡಿದಿಟ್ಟ ಬೋಲ್ಟುಗಳಲ್ಲಿ ಒಂದು ತಲೆ ಕಳಚಿಕೊಂಡು ಒಳಗೇ ಉಳಿಯಿತು. ಅದನ್ನು ತೂತು ಕೊರೆದು ಹೊರತೆಗೆಯುವುದರಲ್ಲೇ ಮಧ್ಯಾಹ್ನ ಕಳೆಯಿತು. ಸಂಜೆ ಮೂರೂ ಸ್ಪಿಂಡಲ್‌ಗಳನ್ನು ಸಿಮೆಂಟಿನ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅತ್ತೆಯವರ ಮನೆಯ ಮುಂದೆಯೇ ಬಸ್ ನಿಲ್ದಾಣಕ್ಕೆ ದಾರಿ. ಒಳಗೆ ಹೋಗಲಿಲ್ಲ, ಕೆಲಸ ಮುಗಿಸಿಕೊಂಡೇ ಹೋಗೋಣ ಎಂದುಕೊಂಡೆ.

ಬುಧವಾರ ಅಂಗಡಿಯಲ್ಲಿ ಬಿಚ್ಚಿದೆ. ಸ್ಪಿಂಡಲಿನ ಕಟ್ಟೋಣ ಸರಳ. ಅಲ್ಯುಮಿನಿಯಮ್ಮಿನ ಹೌಸಿಂಗ್, ಅದರ ಮೇಲಿನ ಬಾಯಿಗೆ ಒಂದು ಬೇರಿಂಗ್, ಕೆಳಗಿನ ಬಾಯಿಗೆ ಒಂದು. ಎರಡೂ ಒಳಗಿನ ಮೆಟ್ಟಿಲಿಗೆ ತಾಗಿ ಕೂಡುತ್ತವೆ. ನಡುವೆ ಶಾಫ್ಟಿನ ಸುತ್ತ ಉಕ್ಕಿನ ಪುಟ್ಟ ಕೊಳವೆ, ಅದೇ ಸ್ಪೇಸರ್. ಮೇಲಿನ ನಟ್ಟು ಬಿಗಿದಾಗ ಬೇರಿಂಗ್‌ಗಳ ಒಳಬಳೆಗಳು ಒಂದನ್ನೊಂದು ಹಿಸುಕದಂತೆ ಅದು ನಡುವೆ ನಿಂತು ತಡೆಯುತ್ತದೆ. ಜಗಳಗಂಟ ಅಣ್ಣತಮ್ಮಂದಿರ ನಡುವೆ ಕೂಡಿಸಿದ ಸೋದರಮಾವನಂತೆ.

ಎಡ ಬಲದವು ಕಂಪನಿಯ ಮಾಲು, ತಂಟೆಯಿಲ್ಲದೆ ಬಿಚ್ಚಿಕೊಂಡವು. ನಡುವಿನದರಲ್ಲಿ ಷಡ್ಡಕನ ಕೈ ಕಂಡಿತು. ಕೆಳಗಿನ ಬಾಯಿಯಲ್ಲಿ ಅಲ್ಯುಮಿನಿಯಮ್ ಸವೆದು ಬೇರಿಂಗ್ ಸಡಿಲವಾಗಿದ್ದಿರಬೇಕು. ಅಲ್ಲಿ ಅವನು ತೆಳುವಾದ ಉಕ್ಕಿನ ಬಳೆಯೊಂದನ್ನು ಕೂಡಿಸಿದ್ದ. ಲೇಥ್ ಇಲ್ಲದವನು ಯಾವುದೋ ಪೈಪನ್ನು ಕೊಯ್ದು, ಅರದಿಂದ ಉಜ್ಜಿ ಉಜ್ಜಿ ಮಾಡಿದ್ದು. ದುಂಡು ಎಷ್ಟಿದೆಯೆಂದು ವರ್ನಿಯರ್ ಹಿಡಿದು ನೋಡಿದೆ. ತಪ್ಪು ಸಿಗಲಿಲ್ಲ. ಇನ್ನೊಂದು ಕಡೆಯಿಂದ ಹಿಡಿದೆ. ಅಲ್ಲೂ ಸಿಗಲಿಲ್ಲ. ಅಷ್ಟು ಹೊತ್ತಿಗೆ ನನಗೆ ಮನಸ್ಸು ಕೆಟ್ಟಿತ್ತು ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ.

ಆಮೇಲೆ ಸ್ಪೇಸರ್ ಸಿಕ್ಕಿತು. ಅದೂ ಅವನದೇ, ನೀರಿನ ಪೈಪಿನ ತುಂಡು. ಕಂಪನಿಯ ಎರಡು ಸ್ಪೇಸರುಗಳನ್ನು ಅಳೆದೆ: ಎರಡೂ ಸರಿಯಾಗಿ ನಲವತ್ತೊಂದು ಮಿಲಿಮೀಟರ್. ಅವನದನ್ನು ಅಳೆದೆ: ನಲವತ್ತೊಂದು ಮತ್ತು ಕಾಲು. ಕಾಲು ಮಿಲಿಮೀಟರ್ ಉದ್ದ!

ನನಗಾದ ಸಂತೋಷವನ್ನು ಏನೆಂದು ಹೇಳಲಿ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ, “ನೋಡ್ರಿ, ಅರದ ಕೆಲಸ ಅಂದ್ರ ಇಷ್ಟ” ಎಂದು ಗಟ್ಟಿಯಾಗಿಯೇ ಹೇಳಿ, ಆ ಕೊಳವೆಯನ್ನು ಲೇಥಿನ ಕೆಳಗೆ ಉದುರಿ ಬಿದ್ದ ಉಕ್ಕಿನ ಸಿಂಬೆಗಳ ರಾಶಿಗೆ ಎಸೆದೆ. ಲೇಥಿನಲ್ಲಿ ಹೊಸ ಸ್ಪೇಸರ್ ತಿರುವಿದೆ. ನಲವತ್ತೊಂದು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡೂ ಮುಖ ಕನ್ನಡಿಯಂತೆ. ಅದನ್ನು ಕೈಯಲ್ಲಿ ಹಿಡಿದು ನೋಡುವಾಗ, ಹಬ್ಬದ ದಿನ ಅತ್ತೆಯವರಿಗೆ ತೋರಿಸಲು ಇಂಥದ್ದೇ ಇನ್ನೊಂದು ಮಾಡಿಡಲೇ ಎಂಬ ಯೋಚನೆಯೂ ಬಂದು ಹೋಯಿತು.

ನನ್ನ ವರ್ನಿಯರಿಗೆ ಆಳ ಅಳೆಯುವ ಕಡ್ಡಿಯೊಂದಿದೆ. ಅದನ್ನು ಆ ಹೌಸಿಂಗಿನೊಳಗೆ ಇಳಿಸಿ ನೋಡಲು ಎರಡು ನಿಮಿಷ ಸಾಕಿತ್ತು. ಇಳಿಸಲಿಲ್ಲ. ಎದುರಿಗಿದ್ದ ಹೌಸಿಂಗನ್ನು ಬಿಟ್ಟು ಪಕ್ಕದ ಸ್ಪಿಂಡಲಿನ ಸ್ಪೇಸರನ್ನು ಅಳೆದೆ. ನಾಲ್ಕು ದಶಕ ಈ ಕೆಲಸ ಮಾಡಿದವನು ಮಾಡುವ ತಪ್ಪಲ್ಲ ಅದು. ಆದರೆ ನಾನು ಆಗ ಹುಡುಕುತ್ತಿದ್ದದ್ದು ಅಳತೆಯನ್ನಲ್ಲ, ಷಡ್ಡಕನ ತಪ್ಪನ್ನು. ಹುಡುಕಿದ್ದು ಸಿಕ್ಕ ಮೇಲೆ ಯಾರೂ ಮುಂದೆ ಹುಡುಕುವುದಿಲ್ಲ.

ಬೇರಿಂಗ್ ಅಂಗಡಿಯ ಮುದುಕ ಸಾಹೇಬರು ಹಳೆಯ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ಒಮ್ಮೆ ತಿರುಗಿಸಿ, “ಅರೆ, ಇದು ಬೇರಿಂಗ್ ಅಲ್ರೀ, ಗಿರಣಿ. ಇದರಾಗ ಜ್ವಾಳ ಹಾಕ್ರಿ” ಎಂದರು. ಎರಡೂ ಕಡೆ ರಬ್ಬರ್ ಸೀಲಿರುವ ಆರು ಬೇರಿಂಗ್ ಕೊಂಡೆ. ಇರಲಿ ಎಂದು ಇನ್ನೆರಡು. ಹೊರಬಳೆಯ ಮೇಲಷ್ಟೇ ಒತ್ತಡ ಬೀಳುವಂತೆ ಸರಿಯಾದ ಅಳತೆಯ ಬಳೆ ಇಟ್ಟು ಪ್ರೆಸ್ಸಿನಲ್ಲಿ ಕೂಡಿಸಿದೆ. ಒಳಬಳೆಯ ಮೇಲೆ ಒತ್ತಿದರೆ ಗುಂಡುಗಳು ತಮ್ಮ ಹಾದಿಯಲ್ಲೇ ಗುಳಿ ಹೊಡೆಯುತ್ತವೆ. ನಟ್ಟು ಬಿಗಿದು ತಿರುಗಿಸಿದಾಗ ಎಡ ಬಲದವು ಬೆಣ್ಣೆಯಂತೆ ತಿರುಗಿದವು. ನಡುವಿನದು ಸ್ವಲ್ಪ ಬಿಗಿ. ಹೊಸ ಸೀಲಿನ ಬಿಗಿ ಇರಬೇಕು, ಓಡಿದರೆ ಬಿಡುತ್ತದೆ ಎಂದು ತೀರ್ಪು ಕೊಟ್ಟೆ. ಉಳಿದೆರಡರ ಸೀಲುಗಳೂ ಹೊಸವೇ ಎಂಬ ಸಂಗತಿ ತೀರ್ಪಿನ ಹೊತ್ತಿಗೆ ನ್ಯಾಯಾಧೀಶರ ಗಮನಕ್ಕೆ ಬರಲಿಲ್ಲ.

ಗುರುವಾರ ಹನ್ನೊಂದಕ್ಕೆ ಡೆಕ್ಕು ಮತ್ತೆ ಗಾಡಿಯ ಕೆಳಗೆ ಸೇರಿತು. ಮಾಲಿಯವರು ಕುರ್ಚಿಯ ಧೂಳು ಕೊಡವಿ, ರುಮಾಲು ಬಿಗಿದು, ಹತ್ತಿ ಕೂತರು. ಇಂಜಿನ್ನು ಕೆಮ್ಮಿ ಶುರುವಾಯಿತು. ಅಲಗು ಹಾಕಿದಾಗ ಕಟಕಟ ಇಲ್ಲ. ಒಂದೇ ಸಮನೆಯ ಹಾಡು. ಹೆಡ್ ಮಾಸ್ತರು ವರಾಂಡದಿಂದ ಕೈ ಎತ್ತಿದರು. ನಾನೂ ಎತ್ತಿದೆ, ಸ್ವಲ್ಪ ಬೇಗ ಎತ್ತಿದೆ.

ಮೈದಾನದ ಕಾಲುಭಾಗ ಮುಗಿಯುವಷ್ಟರಲ್ಲಿ ಹಾಡಿನ ಶ್ರುತಿ ಏರಿತು. ಮತ್ತೊಂದು ಸುತ್ತು ಬರುವಾಗ ಸುಟ್ಟ ರಬ್ಬರಿನ ವಾಸನೆ. ನಾನು ಕೈ ಬೀಸಿ ಓಡುವುದರೊಳಗೆ ಡೆಕ್ಕಿನ ನಡುವಿನಿಂದ ಕುರುಕಲು ಸದ್ದು ಬಂದು ಬೆಲ್ಟು ಚೀರಿತು. ಮಾಲಿಯವರು ಇಂಜಿನ್ನು ಆರಿಸಿ, ಇಳಿದು, ತಮ್ಮ ಲೋಟದ ನೀರಿನಲ್ಲಿ ಬೆರಳದ್ದಿ ನಡುವಿನ ಹೌಸಿಂಗಿನ ಮೇಲೆ ಚಿಮುಕಿಸಿದರು. ಚುಂಯ್ ಎಂದಿತು.

“ಒಗ್ಗರಣಿ ಹಾಕಬಹುದ್ರಿ” ಎಂದರು.

ನಾನು ಪಾನ ಕೈಗೆತ್ತಿಕೊಂಡೆ.

“ಸಣ್ಣ ಮಿಸ್ತ್ರಿ ಮಾಡಿದಾಗ ಹಿಂಗ ಆಗಿರಲಿಲ್ಲ ನೋಡ್ರಿ” ಎಂದರು ಅವರು. ಚುಚ್ಚಲು ಹೇಳಿದ್ದಲ್ಲ. ಚುಚ್ಚಲು ಹೇಳಿದ್ದರೆ ಉತ್ತರ ಕೊಡಬಹುದಿತ್ತು.

ಬಿಚ್ಚಿದೆವು. ಕೆಳಗಿನ ಬೇರಿಂಗಿನ ಗುಂಡುಗಳನ್ನು ಹಿಡಿದಿಡುವ ಪಂಜರ ಚೂರಾಗಿತ್ತು, ಒಳಬಳೆ ಕಂದು ಬಣ್ಣಕ್ಕೆ ತಿರುಗಿತ್ತು. ಮಾಲು ನಕಲಿ ಎಂದು ಸಾರಿದೆ. ನನ್ನ ಸ್ಪೇಸರ್ ಕಡೆ ನೋಡಲೇ ಇಲ್ಲ. ಚೀಲದಲ್ಲಿದ್ದ ಉಳಿಕೆ ಜೋಡಿಯನ್ನು ಅಲ್ಲೇ, ಕಟ್ಟಿಗೆಯ ತುಂಡಿಟ್ಟು ಬಡಿದು ಕೂಡಿಸಿದೆ. ನಟ್ಟು ಬಿಗಿಯುವ ಮುಂಚೆ ಶಾಫ್ಟನ್ನು ಬೆರಳಿನಿಂದ ತಿರುಗಿಸಿದೆ: ಹಗುರ. ಬಿಗಿದೆ, ತಿರುಗಿಸಿದೆ: ಬಿಗಿ. ಸಡಿಲಿಸಿದೆ: ಹಗುರ. ಮತ್ತೆ ಬಿಗಿದೆ: ಬಿಗಿ.

ಇದನ್ನು ಐದು ಸಲ ಮಾಡಿದೆ. ಉತ್ತರ ಗೊತ್ತಾದದ್ದು ಎರಡನೇ ಸಲಕ್ಕೇ. ಉಳಿದ ಮೂರು ಸಲ ಉತ್ತರ ಬದಲಾದೀತೆಂಬ ಆಸೆಯಿಂದ. ನಟ್ಟು ಬಿಗಿದಾಗಷ್ಟೇ ಹಿಡಿಯುತ್ತದೆ ಎಂದರೆ ಒಳಬಳೆಗಳು ಒಂದರ ಕಡೆಗೊಂದು ಜಗ್ಗುತ್ತಿವೆ. ಜಗ್ಗುತ್ತಿವೆ ಎಂದರೆ ನಡುವಿನ ಕೊಳವೆ ಗಿಡ್ಡ. ಕನ್ನಡಿಯಂಥ ಮುಖಗಳ ನನ್ನ ಸ್ಪೇಸರ್ ಗಿಡ್ಡ. ನೀರಿನ ಪೈಪಿನದೇ ಸರಿಯಿದ್ದೀತು. ಅದಾದರೋ ಬುಧವಾರ ಸಂಜೆಯೇ, ಸಿಂಬೆ ಒಯ್ಯುವವನ ಗೋಣಿಯಲ್ಲಿ ಹೋಗಿಬಿಟ್ಟಿತ್ತು. ಯಾಕೆ ಗಿಡ್ಡವಾಯಿತು ಎಂಬುದು ಇನ್ನೂ ತಿಳಿದಿರಲಿಲ್ಲ. ನಲವತ್ತೊಂದು ಮತ್ತು ಕಾಲು ಎಂದು ನೆನಪಿತ್ತು ನಿಜ. ಆದರೆ ಅದು ಸರಿಯಾದ ಅಳತೆಯೋ, ಅದರಿಂದಲೇ ಹಳೆಯ ಬೇರಿಂಗ್ ಹೋಯಿತೋ, ಹೇಳುವವನು ಒಬ್ಬನೇ. ಉಳಿಕೆ ಬೇರಿಂಗ್ ಇದ್ದದ್ದು ಇದೊಂದೇ ಜೋಡಿ.

ಹೆಂಡತಿಗೆ ಫೋನು ಮಾಡಿದೆ. ತಂಗಿಯ ಹತ್ತಿರ ಬೇರೆ ಏನೋ ಮಾತಾಡುತ್ತ, ನಡುವೆ ಸಹಜವಾಗಿ ಎಂಬಂತೆ, ಆ ಕೊಳವೆ ಯಾಕೆ ಉದ್ದ ಇತ್ತು ಎಂದು ಕೇಳಿಸಲು ಹೇಳಿದೆ.

“ಕೊಳವಿ ಸುದ್ದಿ ಸಹಜ ಹೆಂಗ ಬರ್ತದ್ರಿ?” ಎಂದಳು. “ಉಪ್ಪಿಟ್ಟು ಹೆಂಗ ಮಾಡ್ದಿ, ಅಂದಂಗ ನಿನ್ನ ಗಂಡ ಕೊಳವಿ ಯಾಕ ಉದ್ದ ಮಾಡ್ಯಾನ ಅಂತ ಕೇಳ್ಲೇನು?”

“ಕೇಳಿದ್ರೇನಾತು?”

“ನಿಮಗೇನಾಗ್ಯದ ಕೇಳಾಕ? ಎರಡು ಓಣಿ ಆಚಿ ಅದ ಅವರ ಮನಿ. ಚಪ್ಪಲ್ ಹಾಕ್ಕೊಂಡು ಹೋಗ್ರಿ.”

ಮೈದಾನದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ದಾರಿಗಳು ಎರಡಿದ್ದವು. ಒಂದು, ಷಡ್ಡಕನ ಮನೆಗೆ ಹೋಗಿ ಕೇಳುವುದು. ಇನ್ನೊಂದು, ಅಲ್ಯುಮಿನಿಯಮ್ ಪೂರ್ತಿ ಹೋಗಿದೆ, ಇನ್ನು ಆಗುವುದಿಲ್ಲ ಎಂದು ಹೆಡ್ ಮಾಸ್ತರಿಗೆ ಹೇಳುವುದು. ನಂಬುತ್ತಾರೆ, ಕಲಬುರಗಿಯ ಲೇಥ್‌ನವನ ಮಾತು. ಗಾಡಿ ಶನಿವಾರ ಗುಜರಿಗೆ ಹೋಗುತ್ತದೆ, ಅದರೊಂದಿಗೆ ಷಡ್ಡಕನ ಆರು ವರ್ಷವೂ ಹೋಗುತ್ತದೆ. ಈ ಕೊನೆಯ ಮಾತು ನನಗೆ ಹಿತವಾಗಿ ಕಂಡಿತು. ಎಷ್ಟು ಹಿತವಾಗಿ ಕಂಡಿತೆಂದರೆ, ಎದ್ದು ವರಾಂಡದ ಕಡೆ ನಾಲ್ಕು ಹೆಜ್ಜೆ ಇಟ್ಟೂ ಬಿಟ್ಟೆ. ನಿಲ್ಲಿಸಿದ್ದು ಒಳ್ಳೆಯತನವಲ್ಲ. ಮಾಲಿಯವರು ಆ ಕಡೆ ಅರ್ಧಂಬರ್ಧ ಕತ್ತರಿಸಿದ ಹುಲ್ಲಿನ ನಡುವೆ ನಿಂತು, ಬಿಟ್ಟುಹೋದ ಒಂದು ಗೆರೆಯನ್ನು ಕಾಲಿನಿಂದ ತಟ್ಟಿ ಸರಿಮಾಡುತ್ತಿದ್ದರು, ನಾಳೆ ಅಲ್ಲಿಂದಲೇ ಶುರು ಮಾಡುವವರಂತೆ. ಹೌಸಿಂಗನ್ನೂ ಬೇರಿಂಗುಗಳನ್ನೂ ಚೀಲಕ್ಕೆ ಹಾಕಿಕೊಂಡು ಗೇಟಿನ ಕಡೆ ತಿರುಗಿದೆ.

ಷಡ್ಡಕ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದ, ಪ್ಲಾಸ್ಟರಿನ ಕೈ ಕೊರಳ ಜೋಳಿಗೆಯಲ್ಲಿ. ಪಕ್ಕದ ಕಟ್ಟೆಯ ಮೇಲೆ ಕೂತು ಅವನಿಗೆ ಕೆಂಪು ಬಾಳೆಹಣ್ಣು ಸುಲಿದು ಕೊಡುತ್ತಿದ್ದವರು ಅತ್ತೆಯವರು. ಹೀಗೆ ನನ್ನ ಅದೃಷ್ಟ ಸಂಪೂರ್ಣವಾಗಿತ್ತು.

“ಬರ್ರಿ ಬರ್ರಿ, ದೊಡ್ಡ ಅಳಿಯಾರ! ಗಾಡಿ ಆತೇನ್ರಿ?” ಅತ್ತೆಯವರು ಸೆರಗು ಸರಿಮಾಡಿಕೊಂಡರು.

ಅವನೂ ಎದ್ದು ನಿಂತ. “ಕೂಡ್ರಿ ಅಣ್ಣಾರ.”

ನಿಂತೇ ಹೇಳಿಬಿಟ್ಟೆ. “ನಡುವಿನ ಬೇರಿಂಗ್ ಸುಟ್ಟಾವ. ನಿಮ್ಮ ಸ್ಪೇಸರ್ ಉದ್ದ ಆಗ್ಯದ ಅಂತ ತಿಳದು ನಾ ಒಗದೆ. ನನ್ನದು ಹಾಕಿದೆ. ಗಿಡ್ಡ ಆಗ್ಯದ.”

ಅವನು ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತಾನೇ ತಪ್ಪು ಮಾಡಿದವನಂತೆ ಹಣೆ ತಟ್ಟಿಕೊಂಡ.

“ಅಯ್ಯ, ಅದು ನಂದೇ ತಪ್ಪು ಅಣ್ಣಾರ. ಹೇಳಬೇಕಿತ್ತು ನಾ. ಕೆಳಗಿನ ಬಾಯಾಗ ಮೆಟ್ಟಿಲೂ ಸವದಿತ್ತು. ಎಣ್ಣಿ ಡಬ್ಬಿ ತಗಡು ಕತ್ತರಿಸಿ ಒಂದು ವಾಷರ್ ಕೂಡ್ಸೀನಿ ಅಲ್ಲಿ. ಬೇರಿಂಗ್ ಅಷ್ಟು ಕೆಳಗ ಕೂಡ್ತದ. ಅದಕ್ಕ ಕೊಳವಿ ಉದ್ದ.”

ಚೀಲದಿಂದ ಹೌಸಿಂಗ್ ತೆಗೆದು, ಬೇರಿಂಗ್ ಹೊರತೆಗೆದು, ಚಿಂದಿ ಸುತ್ತಿದ ಬೆರಳಿಂದ ಕೆಳಗಿನ ಮೆಟ್ಟಿಲನ್ನು ಒರೆಸಿದೆ. ಕಪ್ಪು ಗ್ರೀಸಿನ ಕೆಳಗೆ ತಗಡಿನ ಹೊಳಪು. ಬುಧವಾರ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದವನು ನಾನೇ. ಮೆಟ್ಟಿಲಿನದೇ ಭಾಗವೆಂದು ತಿಳಿದಿದ್ದೆ. ಅಷ್ಟು ಸರಿಯಾಗಿ ಕೂತಿತ್ತು.

“ಹಂಗಾದ್ರ ಹಳೀ ಬೇರಿಂಗ್ ಯಾಕ ಹೋದವು?”

“ಗ್ರೀಸ್ ಅಣ್ಣಾರ. ಮಾಲಿ ಮಾಮಾ ಹೊಟ್ಟಿ ತುಂಬ ತಿನಸ್ತಾನ.”

ವರ್ನಿಯರ್ ಕಲಬುರಗಿಯಲ್ಲೇ ಇತ್ತು. ಅದನ್ನು ಹೇಳಿದೆ. “ಅದೇನೂ ಬೇಕಾಗಿಲ್ಲ ಬಿಡ್ರಿ” ಎಂದು ಅವನು ಒಲೆಯ ಪಕ್ಕ ಒಟ್ಟಿದ್ದ ತೊಗರಿ ಕಟ್ಟಿಗೆಯ ಕಡೆ ಗದ್ದ ತೋರಿಸಿದ. “ಭಾಳ ಒಣಗಿದ್ದು ಒಂದು ತಗೋರಿ. ಮತ್ತ ಆ ಮುರದ ಹ್ಯಾಕ್ಸಾ ಬ್ಲೇಡು.”

ಅವನ ಬಲಗೈ ಇರಲಿಲ್ಲ. ಆದ್ದರಿಂದ ಅರ್ಧ ಗಂಟೆ ನಾನೇ ಅವನ ಬಲಗೈಯಾದೆ. ಕೆಳಗಿನ ಬಾಯಿಗೆ ಬೇರಿಂಗ್ ಕೂಡಿಸಿದೆ. ತೊಗರಿ ಕಡ್ಡಿಯನ್ನು ಅರ್ಧ ಬೆರಳಿಗಿಂತ ತುಸು ಉದ್ದ ಕೊಯ್ದು, ಹೌಸಿಂಗಿನೊಳಗೆ ಇಳಿಸಿ, ಬೇರಿಂಗಿನ ಒಳಬಳೆಯ ಮೇಲೆ ನೆಟ್ಟಗೆ ನಿಲ್ಲಿಸಿದೆ. ಮೇಲಿನ ಮೆಟ್ಟಿಲಿಗೆ ಅಡ್ಡಲಾಗಿ ಬ್ಲೇಡಿನ ತುಂಡು. ಕಡ್ಡಿ ಉದ್ದವಿದ್ದರೆ ಬ್ಲೇಡು ಅದರ ಮೇಲೆ ತೂಗುತ್ತದೆ. ಗಿಡ್ಡವಾದರೆ ನಡುವೆ ಬೆಳಕು ಕಾಣುತ್ತದೆ. ತೂಗಬಾರದು, ಬೆಳಕೂ ಕಾಣಬಾರದು.

“ಇನ್ನೂ ಜರಾ ತಿಕ್ಕ್ರಿ” ಎಂದ. ತಿಕ್ಕಿದೆ. “ಇನ್ನೂ ಜರಾ.” ತಿಕ್ಕಿದೆ. “ಸಾಕ್ ಸಾಕ್! ಒಂದು ಕೂದಲೆಳಿ ಉದ್ದ ಇದ್ರ ನಡೀತದ ಅಣ್ಣಾರ, ಗಿಡ್ಡ ಇದ್ರ ನಡ್ಯಾಂಗಿಲ್ಲ.”

ಕೆಳಗಿನ ಬೇರಿಂಗಿನ ತೂತಿಗೆ ಕಣ್ಣು ಸೇರಿಸಿ ಅವನು ಎಡಗೈ ಬೆರಳಿನಿಂದ ಬ್ಲೇಡಿನ ಒಂದು ತುದಿ ಮುಟ್ಟಿದ, ಇನ್ನೊಂದು ತುದಿ ಮುಟ್ಟಿದ, ಸುಮ್ಮನೆ ತಲೆ ಆಡಿಸಿದ. ನನ್ನ ಉಸ್ತಾದರು ಲೇಥಿನ ಮೇಲೆ ತುಂಡು ಸರಿಬಂದಾಗ ಹೀಗೆಯೇ ತಲೆ ಆಡಿಸುತ್ತಿದ್ದರು. ಅವರ ಹತ್ತಿರ ಏಳು ವರ್ಷ ಕಲಿತೆ ನಾನು. ಇವನು ಯಾರ ಹತ್ತಿರವೂ ಕಲಿಯಲಿಲ್ಲ. ಮುರಿದ ಕೈಯನ್ನೂ ಸೇರಿಸಿ ಅವನ ಎರಡೂ ಕೈಗಳ ಮೇಲೆ ನನಗೆ ಆ ಗಳಿಗೆಯಲ್ಲಿ ಹುಟ್ಟಿದ ಮತ್ಸರ ಬಹಳ ಶುದ್ಧವಾದದ್ದು. ತುಪ್ಪದ ಮತ್ಸರದಲ್ಲಿ ಅಂಥ ಶುದ್ಧಿ ಇರಲಿಲ್ಲ.

“ಆ ಉಕ್ಕಿನ ಬಳಿ ಎಷ್ಟು ದಿವಸ ತಿಕ್ಕಿದ್ರಿ?” ಎಂದೆ.

“ಮೂರು ದಿವಸ. ನಿಮ್ಮಂಗ ಲೇಥ್ ಇದ್ದಿದ್ರ ಒಂದು ತಾಸಿನ ಕೆಲಸ.”

“ಹೌದು, ಒಂದು ತಾಸು” ಎಂದೆ.

ಅತ್ತೆಯವರು ಅಷ್ಟು ಹೊತ್ತೂ ನೋಡುತ್ತ ಕೂತಿದ್ದರು. “ಇಬ್ರೂ ಕೂಡಿ ಕಡ್ಡಿ ತಿಕ್ಕೂದು ನೋಡಿದ್ರ, ಹಲ್ಲು ತಿಕ್ಕಾಕ ಕುಂತಂಗ ಕಾಣ್ತದ” ಎಂದರು. ಆಮೇಲೆ ಸುಲಿದ ಬಾಳೆಹಣ್ಣೊಂದನ್ನು ನನ್ನ ಕೈಗಿಟ್ಟರು. ಗ್ರೀಸು ಹತ್ತಿದ ಕೈ ಎಂದು ಹಿಂಜರಿದೆ. “ತಿನ್ರಿ, ಏನಾಗಾಂಗಿಲ್ಲ” ಎಂದರು. ಅವನಿಗೆ ಎರಡನೆಯದು ಸುಲಿಯುತ್ತಿದ್ದರು.

ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಸಂಜೆಯ ಬಸ್ಸಿಗೆ ಕಲಬುರಗಿಗೆ ಬಂದೆ. ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆದೊಡನೆ ವರ್ನಿಯರ್ ಹಿಡಿದೆ: ನಲವತ್ತೊಂದು ಮತ್ತು ಕಾಲು. ಕೂದಲೆಳೆಯಷ್ಟು ಹೆಚ್ಚು. ಹೊಸ ಸ್ಪೇಸರ್ ತಿರುವಿ, ಮುಖಗಳನ್ನು ಸಪಾಟು ಮಾಡಿ, ಈ ಸಲ ಕನ್ನಡಿಯ ಹೊಳಪಿಗೆ ಹೋಗದೆ ಕಮಲಾಪುರಕ್ಕೆ ಹೊರಟೆ. ಶಾಲೆಯಲ್ಲಿ ಅದನ್ನು ಹೌಸಿಂಗಿನೊಳಗೆ ಇಟ್ಟು ನಟ್ಟು ಬಿಗಿದಾಗ ಶಾಫ್ಟು ಹಗುರವಾಗಿ ತಿರುಗಿತು. ಬೆರಳು ತೆಗೆದ ಮೇಲೂ ಸ್ವಲ್ಪ ದೂರ ತಾನೇ ಹೋಯಿತು. ಗ್ರೀಸು ತುಂಬುವ ಮೂತಿಗಳನ್ನು ಮೂರೂ ಹೌಸಿಂಗ್‌ಗಳಿಂದ ಬಿಚ್ಚಿ, ಬೋಲ್ಟು ಹಾಕಿ ಮುಚ್ಚಿದೆ. ಮಾಲಿಯವರು ನನ್ನನ್ನು, ಅನ್ನ ನಿಲ್ಲಿಸಿದವನನ್ನು ನೋಡುವಂತೆ ನೋಡಿದರು.

ಎರಡೂವರೆಗೆ ಗಾಡಿ ಮೈದಾನಕ್ಕಿಳಿಯಿತು. ನಾನು ಹಿಂದೆಯೇ ನಡೆದೆ. ಪ್ರತಿ ನಾಲ್ಕು ಸುತ್ತಿಗೆ ನಿಲ್ಲಿಸಿ ನಡುವಿನ ಹೌಸಿಂಗ್ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಅಂಗೈ ಇಟ್ಟುಕೊಂಡು ನಿಲ್ಲಬಹುದಾದಷ್ಟು.

ಹೆಡ್ ಮಾಸ್ತರು ಬಂದರು. “ಭೇಷ್! ನಿಮ್ಮ ಸಡ್ಡಕರು ಹೇಳಿದ್ರು, ನಮ್ಮ ಅಣ್ಣಾರು ನನಗಿಂತ ಚಲೋ ಮಾಡ್ತಾರ ಅಂತ.”

“ತಿರುವಿದ್ದು ನಾನ್ರಿ” ಎಂದೆ. “ಅಳತಿ ಅವರದು. ನನ್ನ ಅಳತಿಗೆ ನಿನ್ನೆ ಸುಟ್ಟಿತ್ತು.”

“ಹಂಗಾದ್ರ ಇನ್ನ ಮುಂದ ಯಾರನ್ನ ಕರಸ್ಲಿ?”

ಹೇಳಲು ಮನಸ್ಸಿರಲಿಲ್ಲ. “ಅವರನ್ನೇ ಕರಸ್ರಿ” ಎಂದೆ.

ಐದು ಗಂಟೆಗೆ ಮೈದಾನದ ಹುಲ್ಲು ಮುಗಿಯಿತು. ಗಾಡಿ ಶಾಲೆಯಲ್ಲೇ ಉಳಿಯಿತು. ಷಡ್ಡಕನ ಪ್ಲಾಸ್ಟರ್ ಮುಂದಿನ ತಿಂಗಳು ತೆಗೆದರು. ಅಲ್ಲಿಂದೀಚೆಗೆ ಗಾಡಿಯ ಬೆಲ್ಟು, ಅಲಗು, ಇಂಜಿನ್ನು ಎಲ್ಲ ಅವನೇ ನೋಡಿಕೊಳ್ಳುತ್ತಾನೆ. ಎಡಗಡೆಯ ಸ್ಪಿಂಡಲಿನ ಬೇರಿಂಗನ್ನು ಹೋದ ಮಳೆಗಾಲದಲ್ಲಿ ಬದಲಾಯಿಸಿದ್ದಾನೆ. ನಡುವಿನದನ್ನು ಬಿಚ್ಚುವ ಪ್ರಸಂಗ ಬಂದಿಲ್ಲ.